ಜಪಾನೀಸ್ ಕಲಿಯೋರು ಬೇಕಾದಷ್ಟು, ಕಲಿಸೋರು ಎಲ್ಲಿ? ಮೇಷ್ಟ್ರುಗಳಿಗೆ ನೆರವು ಸಿಗೋದು ಹೀಗೆ

ಜಪಾನಿಗೆ ಹೋಗಿ ದುಡಿಯಬೇಕು, ಓದಬೇಕು ಅನ್ನೋ ಹುಡುಗ ಹುಡುಗಿಯರು ಕಠ್ಮಂಡುವಿನಲ್ಲಿದ್ದಾರೆ, ಢಾಕಾದಲ್ಲಿದ್ದಾರೆ, ಕೊಲಂಬೊದಲ್ಲಿದ್ದಾರೆ, ನಮ್ಮ ಬೆಂಗಳೂರಲ್ಲೂ ಇದ್ದಾರೆ. ಅಲ್ಲಿ ಬಾಗಿಲು ತೆಗೆಯಬೇಕಾದರೆ ಭಾಷೆ ಬರಬೇಕು. ಭಾಷೆ ಬರಬೇಕಾದರೆ ಕಲಿಸೋ ಮೇಷ್ಟ್ರು ಬೇಕು. ದಕ್ಷಿಣ ಏಷ್ಯಾದ ದೇಶಗಳೆಲ್ಲ ಒದ್ದಾಡುತ್ತಿರೋದು ಇದೇ ಜಾಗದಲ್ಲಿ.

ಬೇಡಿಕೆ ಯಾಕೆ ಹೆಚ್ಚಾಯ್ತು?

ಜಪಾನಿನಲ್ಲಿ ವಯಸ್ಸಾದವರು ಜಾಸ್ತಿ, ದುಡಿಯುವ ಕೈ ಕಡಿಮೆ. ಹಾಗಾಗಿ ಏಪ್ರಿಲ್ 2019ರಲ್ಲಿ ಅಲ್ಲಿನ ಸರ್ಕಾರ ಕುಶಲ ಕೆಲಸಗಾರರಿಗೆ ಅಂತಲೇ ಹೊಸ ವೀಸಾ ತಂದಿತು. ವೃದ್ಧರ ಆರೈಕೆ, ಕೃಷಿ, ಕಟ್ಟಡ, ಹೋಟೆಲ್, ಆಹಾರ ತಯಾರಿಕೆ ಮುಂತಾದ ಕೆಲಸಗಳು ಇದರಡಿ ಬರುತ್ತವೆ. ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾ 2019ರಲ್ಲೇ ಜಪಾನ್ ಜೊತೆ ಒಪ್ಪಂದ ಮಾಡಿಕೊಂಡವು. ಭಾರತ ಸಹಿ ಹಾಕಿದ್ದು ಜನವರಿ 2021ರಲ್ಲಿ. 2024ರಿಂದ ಐದು ವರ್ಷಕ್ಕೆ ಎಲ್ಲ ದೇಶಗಳಿಂದ ಸೇರಿ ಗರಿಷ್ಠ 8 ಲಕ್ಷ 20 ಸಾವಿರ ಜನರನ್ನು ಈ ವೀಸಾದಲ್ಲಿ ತೆಗೆದುಕೊಳ್ಳಲು ಜಪಾನ್ 2024ರಲ್ಲಿ ಮಿತಿ ಇಟ್ಟುಕೊಂಡಿತ್ತು. ಐದು ವರ್ಷದಲ್ಲಿ 50 ಸಾವಿರ ನುರಿತ ಭಾರತೀಯರು ಜಪಾನಿಗೆ ಹೋಗಬೇಕು ಅನ್ನೋ ಗುರಿಯನ್ನು ಎರಡೂ ದೇಶಗಳು ಆಗಸ್ಟ್ 2025ರಲ್ಲಿ ಹಾಕಿಕೊಂಡಿವೆ.

ಈ ವೀಸಾಕ್ಕೆ ಸಾಮಾನ್ಯವಾಗಿ ಜಪಾನೀಸ್ ಪರೀಕ್ಷೆಯ ಎನ್4 ಹಂತ, ಇಲ್ಲವೇ ಜೆಎಫ್‌ಟಿ ಬೇಸಿಕ್ ಅನ್ನೋ ಕಂಪ್ಯೂಟರ್ ಪರೀಕ್ಷೆ ಪಾಸಾಗಿರಬೇಕು. ಕೆಲಸಕ್ಕೆ ತಕ್ಕ ಕೌಶಲ ಪರೀಕ್ಷೆ ಬೇರೆ. ಎನ್5 ಮೊದಲ ಮೆಟ್ಟಿಲು, ಎನ್1 ಕೊನೆಯದು. ಎನ್5 ಸರ್ಟಿಫಿಕೇಟ್ ಒಂದನ್ನೇ ಹಿಡಿದುಕೊಂಡು ಹೋದರೆ ಈ ವೀಸಾ ಸಿಗಲ್ಲ.

ಮೇಷ್ಟ್ರ ಕೊರತೆ ಯಾಕೆ?

ಕಾರಣ ಸರಳ. ಎನ್2 ಮಟ್ಟಕ್ಕೆ ಕಲಿತವರನ್ನು ಐಟಿ ಕಂಪನಿಗಳು, ಭಾಷಾಂತರ ಸಂಸ್ಥೆಗಳು ಕರೆಯುತ್ತವೆ. ಕ್ಲಾಸ್ ತೆಗೆದುಕೊಂಡು ಸಿಗೋ ಸಂಬಳಕ್ಕಿಂತ ಅಲ್ಲಿ ಹೆಚ್ಚು ಸಿಗುತ್ತೆ. ಉಳಿದುಕೊಂಡವರಲ್ಲಿ ಎಷ್ಟೋ ಜನ ಅರೆಕಾಲಿಕ. ಭಾಷೆ ಬರುತ್ತೆ, ಆದರೆ ಕಲಿಸೋದು ಹೇಗೆ ಅಂತ ಅವರಿಗೆ ಯಾರೂ ಹೇಳಿಕೊಟ್ಟಿರಲ್ಲ. ಸಣ್ಣ ಊರಲ್ಲಿ ಕಲಿಸೋರಿಗಂತೂ ಅನುಮಾನ ಬಂದರೆ ಕೇಳೋಕೆ ಇನ್ನೊಬ್ಬ ಮೇಷ್ಟ್ರೂ ಇರಲ್ಲ.

ಏನು ನೆರವು ಸಿಗುತ್ತಿದೆ?

ಈ ಕೆಲಸದಲ್ಲಿ ಮುಂದಿರೋದು 1972ರಲ್ಲಿ ಶುರುವಾದ ಜಪಾನ್ ಫೌಂಡೇಶನ್. ಇದರ ದೆಹಲಿ ಕಚೇರಿ ಭಾರತದ ಜೊತೆಗೆ ದಕ್ಷಿಣ ಏಷ್ಯಾದ ನೆರೆ ದೇಶಗಳ ಶಿಕ್ಷಕರನ್ನೂ ನೋಡಿಕೊಳ್ಳುತ್ತದೆ. ಟೋಕಿಯೊ ಪಕ್ಕದ ಸೈತಾಮದ ಉರವದಲ್ಲಿ ಫೌಂಡೇಶನ್ನಿನ ಒಂದು ಸಂಸ್ಥೆ 1989ರಿಂದ ಇದೆ. ಹೊರದೇಶದ ಜಪಾನೀಸ್ ಶಿಕ್ಷಕರು ಅಲ್ಲಿಗೆ ಹೋಗಿ ತರಬೇತಿ ಪಡೆಯುತ್ತಾರೆ.

ಭಾರತಕ್ಕೆ ದೊಡ್ಡ ಹೆಜ್ಜೆ ಬಂದದ್ದು ಸೆಪ್ಟೆಂಬರ್ 2017ರಲ್ಲಿ. ಐದು ವರ್ಷದಲ್ಲಿ 100 ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಜಪಾನೀಸ್ ಕೋರ್ಸ್, 1000 ಶಿಕ್ಷಕರಿಗೆ ತರಬೇತಿ ಅನ್ನೋ ಗುರಿಗೆ ಎರಡೂ ಸರ್ಕಾರಗಳು ಒಪ್ಪಿದವು. ಅದರಂತೆ ಜುಲೈ 2018ರಲ್ಲಿ ದೆಹಲಿಯಲ್ಲಿ ಶಿಕ್ಷಕರ ತರಬೇತಿ ಕೇಂದ್ರ ತೆರೆಯಿತು.

ದೂರದ ಊರಿನವರಿಗೆ ಹೆಚ್ಚು ಉಪಯೋಗವಾಗಿರೋದು ಉಚಿತ ಪುಸ್ತಕ. ‘ಇರೊದೊರಿ’ ಅನ್ನೋ ಪಠ್ಯವನ್ನು ಧ್ವನಿ ಫೈಲುಗಳ ಸಮೇತ ಯಾರು ಬೇಕಾದರೂ ಡೌನ್‌ಲೋಡ್ ಮಾಡಿಕೊಳ್ಳಬಹುದು. ಅಂಗಡಿ, ಆಸ್ಪತ್ರೆ, ಕೆಲಸದ ಜಾಗದಲ್ಲಿ ಬಳಸೋ ಮಾತುಗಳೇ ಅದರಲ್ಲಿವೆ. ನೇಪಾಳಿ ಸೇರಿದಂತೆ ಹಲವು ಭಾಷೆಗಳ ವಿವರಣೆಯೂ ಸಿಗುತ್ತದೆ. ‘ಮಿನತೊ’ ಅನ್ನೋ ಆನ್‌ಲೈನ್ ತಾಣದಲ್ಲಿ ಮನೆಯಲ್ಲೇ ಕೂತು ಕಲಿಯಬಹುದು.

ನೆರೆಯವರು ಸೇರಿದರೆ ಏನು ಲಾಭ?

ಕನ್ನಡ, ನೇಪಾಳಿ, ಬಂಗಾಳಿ, ಸಿಂಹಳ ನಾಲ್ಕರಲ್ಲೂ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತೆ. ಜಪಾನೀಸಿನಲ್ಲೂ ಅಷ್ಟೇ. ‘ನಾನು ಅಂಗಡಿಯಲ್ಲಿ ಅಕ್ಕಿಯನ್ನು ಕೊಂಡೆ’ ಅನ್ನೋದಕ್ಕೆ ಅವರು ‘ವತಶಿ ವ ಮಿಸೆ ದೆ ಕೊಮೆ ಒ ಕೈಮಶಿತ’ ಅಂತಾರೆ. ‘ಮಿಸೆ’ ಅಂದ್ರೆ ಅಂಗಡಿ, ‘ದೆ’ ಅಂದ್ರೆ ನಮ್ಮ ‘ಅಲ್ಲಿ’. ‘ಕೊಮೆ’ ಅಂದ್ರೆ ಅಕ್ಕಿ, ‘ಒ’ ಅಂದ್ರೆ ನಮ್ಮ ‘ಅನ್ನು’. ಪದಗಳ ಸಾಲು ನಮ್ಮದೇ. ಇದನ್ನು ಇಂಗ್ಲಿಷ್ ಮೂಲಕ ಹೇಳಿಕೊಟ್ಟರೆ ಮಕ್ಕಳು ಸುಮ್ನೆ ಸುತ್ತು ಹಾಕಿಕೊಂಡು ಬರಬೇಕು. ಊರ ಮಾತು ಬಲ್ಲ ಮೇಷ್ಟ್ರು ನೇರವಾಗಿ ಹೇಳಿಬಿಡ್ತಾರೆ.

ಆದರೆ ತೊಡಕು ಒಂದೊಂದು ಕಡೆ ಒಂದೊಂದು. ‘ಒಬಸನ್’ ಅಂದ್ರೆ ಅತ್ತೆ, ಚಿಕ್ಕಮ್ಮ. ‘ಒಬಾಸನ್’ ಅಂದ್ರೆ ಅಜ್ಜಿ. ಹ್ರಸ್ವ ದೀರ್ಘ ಗೊತ್ತಿರೋ ಕನ್ನಡದ ಮಕ್ಕಳಿಗೆ ಇದು ಬೇಗ ಹತ್ತುತ್ತೆ. ಬಂಗಾಳಿ ಉಚ್ಚಾರಣೆಯಲ್ಲಿ ಈ ವ್ಯತ್ಯಾಸ ಅರ್ಥ ಬದಲಿಸಲ್ಲ. ಹಾಗಾಗಿ ಢಾಕಾದ ಮೇಷ್ಟ್ರು ಇದನ್ನು ತಿದ್ದೋಕೆ ಜಾಸ್ತಿ ಹೊತ್ತು ಕೊಡಬೇಕು. ದಿನಬಳಕೆಗೆ ಅಂತ ಪಟ್ಟಿ ಮಾಡಿರೋ 2136 ಕಾಂಜಿ ಅಕ್ಷರಗಳು ಮಾತ್ರ ಎಲ್ಲರಿಗೂ ಕಷ್ಟವೇ. ಒಬ್ಬರು ಕಂಡುಕೊಂಡ ಉಪಾಯ ಇನ್ನೊಬ್ಬರಿಗೆ ಸಿಗಬೇಕಾದರೆ ಮೇಷ್ಟ್ರುಗಳು ಒಂದೆಡೆ ಸೇರಬೇಕು. ಶ್ರೀಲಂಕಾದ ಶಾಲೆಗಳಲ್ಲಿ ಜಪಾನೀಸನ್ನು ಪಬ್ಲಿಕ್ ಪರೀಕ್ಷೆಯ ವಿಷಯವಾಗಿಯೇ ಓದಬಹುದು. ನಮ್ಮ ಸಿಬಿಎಸ್‌ಇ ಶಾಲೆಗಳಿಗೆ ಅದು ಬಂದದ್ದು 2006ರಲ್ಲಿ. ಮಕ್ಕಳಿಗೆ ಕಲಿಸಿದ ಅನುಭವ ಅವರಲ್ಲಿದೆ, ಕಂಪನಿ ನೌಕರರಿಗೆ ಕಲಿಸಿದ ಅನುಭವ ಬೆಂಗಳೂರು, ಪುಣೆಯವರಲ್ಲಿದೆ.

ಫೀಸ್ ಕಟ್ಟೋ ಮುಂಚೆ ಇಷ್ಟು ಕೇಳಿ

ಮಗನನ್ನೋ ಮಗಳನ್ನೋ ಜಪಾನೀಸ್ ಕ್ಲಾಸಿಗೆ ಸೇರಿಸೋ ಯೋಚನೆ ಇದ್ದರೆ ಬೋರ್ಡ್ ನೋಡಿ ದುಡ್ಡು ಕೊಡಬೇಡಿ.

* ಕಲಿಸೋ ಮೇಷ್ಟ್ರು ಯಾವ ಹಂತ ಪಾಸಾಗಿದ್ದಾರೆ? ಕಲಿಸೋ ತರಬೇತಿ ಆಗಿದೆಯಾ?
* ಕೋರ್ಸ್ ಮುಗಿಯೋ ತನಕ ಅದೇ ಮೇಷ್ಟ್ರು ಇರ್ತಾರಾ?
* ಮಾತಾಡಿಸೋ ಕ್ಲಾಸ್ ವಾರಕ್ಕೆ ಎಷ್ಟು?
* ಎನ್4 ತನಕ ಕಲಿಸ್ತಾರಾ, ಎನ್5ಕ್ಕೇ ನಿಲ್ಲಿಸ್ತಾರಾ?

ಮೂರನೇ ಪ್ರಶ್ನೆ ಮರೆಯಲೇಬೇಡಿ. ಮೇಲೆ ಹೇಳಿದ ಎರಡೂ ಪರೀಕ್ಷೆಗಳಲ್ಲಿ ಬಾಯಿಬಿಟ್ಟು ಮಾತಾಡುವ ಭಾಗ ಇಲ್ಲ, ಸರಿ ಉತ್ತರ ಆರಿಸಿದರೆ ಸಾಕು. ಅಂದ್ರೆ ಮಾತು ಬಾರದೆಯೂ ಪಾಸಾಗಬಹುದು. ಆದರೆ ಅಲ್ಲಿ ಹಾಸಿಗೆ ಹಿಡಿದ ಅಜ್ಜಿಯೊಬ್ಬರು ಎಲ್ಲಿ ನೋಯ್ತಿದೆ ಅಂತ ಹೇಳುವಾಗ ಸರ್ಟಿಫಿಕೇಟ್ ತೋರಿಸೋಕಾಗಲ್ಲ. ಅವರ ಮಾತು ಅರ್ಥವಾಗಬೇಕು, ಉತ್ತರ ಕೊಡಬೇಕು. ಅದನ್ನು ಕಲಿಸಬೇಕಾದವರು ಮೇಷ್ಟ್ರೇ.