ತಾಯಿಯ ಮುಖದ ಮೇಲೆ ಉಳಿದ ಚೌಕ

ಕಳೆದ ತಪಸ್ಸುಕಾಲದ ಒಂದು ಮಧ್ಯಾಹ್ನ ಅಫಜಲಪುರ ತಾಲ್ಲೂಕಿನ ಕರಜಗಿಯ ಮನೆಯೊಂದರಲ್ಲಿ ನಾವು ಶವಸಂಸ್ಕಾರದ ಬಲಿಪೂಜೆಯನ್ನು ಅರ್ಪಿಸಬೇಕಾಗಿ ಬಂದಿತು. ತೀರಿಕೊಂಡವರು ಎಂಬತ್ತರ ಗಡಿ ಮುಟ್ಟಿದ್ದ ತಾಯಿ. ಹಿರಿಯ ಮಗ ಮಸ್ಕತ್ತಿನಲ್ಲಿ ದುಡಿಯುವವನು, ರಜೆ ದೊರೆಯಲಿಲ್ಲ. ಅವನಿಗೆ ಪೂಜೆಯನ್ನು ಆಗಿಂದಾಗಲೇ ತೋರಿಸಬೇಕು, ಮುಂದೆ ನೋಡಲೆಂದು ಮುದ್ರಿಸಿಯೂ ಇಡಬೇಕು ಎಂದು ಅವನ ತಮ್ಮನೂ ನೆರೆಯ ಇಬ್ಬರು ಯುವಕರೂ ಒಂದು ಕ್ಯಾಮೆರಾ ಹಾಗೂ ಒಂದು ಲ್ಯಾಪ್‌ಟಾಪನ್ನು ಎರವಲು ತಂದಿದ್ದರು. ಕ್ಯಾಮೆರಾ ಕೊಟ್ಟವರು ಮದುವೆಯ ಚಿತ್ರಗಳಿದ್ದ ತಮ್ಮ ಕಾರ್ಡನ್ನು ತೆಗೆದುಕೊಂಡೇ ಕೊಟ್ಟಿದ್ದರು. ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಮುದ್ರಣವಾಗುತ್ತದಲ್ಲ, ಕಾರ್ಡಿನ ಅಗತ್ಯವೇನು ಎಂದು ಯಾರೂ ಅದರ ಬಗ್ಗೆ ಯೋಚಿಸಲಿಲ್ಲ.

"ಒಂದ್ಸಲ ಹಚ್ಚಿ ನೋಡ್ಲೇನ್ರೀ ಫಾದರ್?" ಎಂದು ಹುಡುಗ ಕೇಳಿದ. ಹೊರಗೆ ಬಿಸಿಲು ಏರುತ್ತಿತ್ತು, ಜನ ಕಾಯುತ್ತಿದ್ದರು. "ಕಾಣ್ತದಲ್ಲ ತಮ್ಮಾ, ಸಾಕು" ಎಂದವರು ನಾವೇ.

ಮೂರು ದಿನಗಳ ಬಳಿಕ ಮಸ್ಕತ್ತಿನಿಂದ ದೂರವಾಣಿ ಕರೆ ಬಂದಿತು. "ಎಲ್ಲಾ ಚಲೋ ಬಂದದ್ರಿ ಫಾದರ್. ಆದ್ರ ಅವ್ವನ ಮಾರಿ ಮ್ಯಾಲ ಆ ಹಳದಿ ಚೌಕ ಏನದ? ಅದನ್ನ ತೆಗೀಲಿಕ್ಕ ಬರ್ತದೇನ್ರೀ?"

ಮುದ್ರಣವನ್ನು ತರಿಸಿ ನಾವೂ ನೋಡಿದೆವು. ಮೇಲಿನ ಮೂಲೆಯಲ್ಲಿ ಬ್ಯಾಟರಿಯ ಗುರುತು, ಕೆಳಗೆ ಸಾಲಾಗಿ ಅಂಕಿಗಳು. ಇವನ್ನಾದರೂ ಸಹಿಸಿಕೊಳ್ಳಬಹುದಿತ್ತು. ಆದರೆ ಮನುಷ್ಯರ ಮುಖವನ್ನು ಹುಡುಕಿ ಅದರ ಮೇಲೆ ದೃಷ್ಟಿ ನೆಡುವ ಸಾಮರ್ಥ್ಯವುಳ್ಳ ಕ್ಯಾಮೆರಾ ಅದು. ಪೆಟ್ಟಿಗೆಯಲ್ಲಿ ಮಲಗಿದ್ದ ತಾಯಿಯ ಮುಖವೂ ಅದಕ್ಕೆ ಮುಖವೇ. ಹಳದಿ ಚೌಕವೊಂದು ಆ ಮುಖದ ಮೇಲೆ ಕುಳಿತು, ಯಾರಾದರೂ ಬಾಗಿ ಹೂವಿಟ್ಟಾಗ ಅವರ ಮುಖಕ್ಕೆ ಹಾರಿ, ಮತ್ತೆ ತಾಯಿಯ ಮುಖಕ್ಕೆ ಮರಳುತ್ತಿತ್ತು. ಒಂದು ಗಂಟೆಗೂ ಮಿಗಿಲಾದ ಮುದ್ರಣ, ಬಹುಪಾಲು ಹೀಗೆಯೇ.

ತೆಗೆಯಲು ಬರುತ್ತದೆಯೇ? ಬರುವುದಿಲ್ಲ. ಚೌಕವು ಚಿತ್ರದ ಮೇಲಿಟ್ಟ ಗಾಜಿನ ಹಾಳೆಯಂತಲ್ಲ. ಮುದ್ರಣವಾಗುವಾಗ ಅದು ಚಿತ್ರದ ಬಿಂದುಗಳನ್ನೇ ಆಕ್ರಮಿಸಿ ತಾನು ಕುಳಿತಿರುತ್ತದೆ, ಅದರ ಕೆಳಗೆ ಏನೂ ಉಳಿದಿರುವುದಿಲ್ಲ. ಇಂದಿನ ತಂತ್ರಾಂಶಗಳು ಅಕ್ಕಪಕ್ಕದ ಬಣ್ಣ ನೋಡಿ ಆ ಜಾಗವನ್ನು ತುಂಬಿ ಕೊಡಬಲ್ಲವು, ನಿಜ. ಆದರೆ ಹಾಗೆ ತುಂಬಿದ್ದು ತಾಯಿಯ ಕೆನ್ನೆಯಲ್ಲ, ಯಂತ್ರದ ಊಹೆ. ಬೇಡವೆಂದು ನಾವು ಮಗನಿಗೆ ಹೇಳಿದೆವು. ಅವನೂ ಒಪ್ಪಿದ. ಆ ಬಳಿಕ ಈ ವಿಷಯವನ್ನು ಸಾಕಷ್ಟು ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡೆವು. ನಮ್ಮ ಅನೇಕ ಕುಟುಂಬಗಳಲ್ಲಿ ಇಂದು ಒಂದು ಒಳ್ಳೆಯ ಕ್ಯಾಮೆರಾ ಇದೆ. ಮದುವೆ, ಪ್ರಥಮ ಪರಮಪ್ರಸಾದ, ಮರಣ ಎಲ್ಲಕ್ಕೂ ಅದು ಹೊರಬರುತ್ತದೆ. ಆದುದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಕ್ಯಾಮೆರಾದ ಪಕ್ಕದಲ್ಲಿ ರಬ್ಬರ್ ಮುಚ್ಚಳದ ಅಡಿಯಲ್ಲಿ ಒಂದು ಚಿಕ್ಕ ಕಿಂಡಿ ಇರುತ್ತದೆ. ಅದೇ ಎಚ್‌ಡಿಎಂಐ. ಸೋನಿ, ಹಿಟಾಚಿ, ತೋಷಿಬಾ, ಫಿಲಿಪ್ಸ್ ಮೊದಲಾದ ಕಂಪನಿಗಳು ಕೂಡಿ 2002ರ ಡಿಸೆಂಬರಿನಲ್ಲಿ ಇದರ ಮೊದಲ ಮಾನಕವನ್ನು ಪ್ರಕಟಿಸಿದವು. ಕ್ಯಾಮೆರಾದಲ್ಲಿ ಈ ಕಿಂಡಿಯನ್ನು ಇಟ್ಟ ಉದ್ದೇಶ ಸರಳ: ತೆಗೆದ ಚಿತ್ರವನ್ನು ಮನೆಯ ಟಿವಿಗೆ ಜೋಡಿಸಿ ಎಲ್ಲರೂ ಕೂತು ನೋಡಲಿ ಎಂಬುದು. ಆದುದರಿಂದ ಕ್ಯಾಮೆರಾದ ಹಿಂಬದಿಯ ಪುಟ್ಟ ಪರದೆಯಲ್ಲಿ ಏನು ಕಾಣುತ್ತದೆಯೋ ಅದರ ಪ್ರತಿಯೇ ಈ ಕಿಂಡಿಯಿಂದ ಹೊರಬರುವುದು ವಾಡಿಕೆಯಾಯಿತು. ಬ್ಯಾಟರಿ ಎಷ್ಟು ಉಳಿದಿದೆ, ಬೆಳಕು ಹೆಚ್ಚೋ ಕಡಿಮೆಯೋ, ದೃಷ್ಟಿ ಎಲ್ಲಿ ನೆಟ್ಟಿದೆ ಎಂಬುದೆಲ್ಲ ಚಿತ್ರ ತೆಗೆಯುವವನಿಗೆ ಬೇಕಾದ ಮಾಹಿತಿ. ಒಳಗಿನ ಕಾರ್ಡಿನಲ್ಲಿ ಮುದ್ರಿಸುವಾಗ ಇವು ಮುದ್ರಣವಾಗುವುದಿಲ್ಲ. ಆದರೆ ಕಿಂಡಿಗೆ ತಂತಿ ಸಿಕ್ಕಿಸಿ ಹೊರಗಿನ ಲ್ಯಾಪ್‌ಟಾಪಿನಲ್ಲೋ ರೆಕಾರ್ಡರಿನಲ್ಲೋ ಹಿಡಿಯಹೊರಟರೆ ಇವೂ ಚಿತ್ರದ ಜೊತೆಗೇ ಬಂದುಬಿಡುತ್ತವೆ. ಇವುಗಳಿಲ್ಲದೆ ಬರಿಯ ಚಿತ್ರವಷ್ಟೇ ಹೊರಬರುವುದಕ್ಕೆ ಈ ಕಸುಬಿನವರು 'ಕ್ಲೀನ್ ಎಚ್‌ಡಿಎಂಐ' ಎನ್ನುತ್ತಾರೆ.

ಗುರುವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದುತ್ತಿದ್ದಾಗ ನಮ್ಮನ್ನು ಬಹಳ ಕಾಡಿದ ಒಂದು ಪಾಠ ಇಲ್ಲಿ ನೆನಪಾಯಿತು. ಸಂತ ತೋಮಸ್ ಅಕ್ವಿನಾಸರು ತಮ್ಮ 'ಸುಮ್ಮಾ'ದ ಮೊದಲ ಭಾಗದ 85ನೆಯ ಪ್ರಶ್ನೆಯಲ್ಲಿ, ಬುದ್ಧಿಯಲ್ಲಿ ಮೂಡುವ ರೂಪವು ನಾವು ಯಾವುದರ ಮೂಲಕ ಅರಿಯುತ್ತೇವೆಯೋ ಅದೇ ಹೊರತು ನಾವು ಅರಿಯುವ ವಸ್ತುವಲ್ಲ ಎಂದು ವಾದಿಸುತ್ತಾರೆ. ಸಾಧನ ಬೇರೆ, ಕಾಣುವ ವಸ್ತು ಬೇರೆ. ಚೌಕವೂ ಅಂಕಿಗಳೂ ಸಾಧನದ ಕಡೆಯವು. ಅವು ವಸ್ತುವಿನ ಪಕ್ಕದಲ್ಲಿ ಬಂದು ಕುಳಿತದ್ದೇ ತೊಂದರೆ. ಹದಿಮೂರನೆಯ ಶತಮಾನದ ಮಹಾನುಭಾವರನ್ನು ಕ್ಯಾಮೆರಾದ ಮೆನುವಿನೊಳಗೆ ಎಳೆದು ತಂದಿದ್ದಕ್ಕೆ ನಮ್ಮ ಹಳೆಯ ಗುರುಗಳು ಕ್ಷಮಿಸಲಿ.

ಶುದ್ಧ ಚಿತ್ರವನ್ನು ಹೊರಗೆ ಬಿಡುವುದು ಯಂತ್ರಕ್ಕೆ ಅಸಾಧ್ಯವೇ ಎಂದರೆ, ಅಲ್ಲ. ಇದು ಬಹುಮಟ್ಟಿಗೆ ತಯಾರಕರು ತೆಗೆದುಕೊಳ್ಳುವ ತೀರ್ಮಾನ. 2008ರಲ್ಲಿ ಬಂದ ಕ್ಯಾನನ್ 5ಡಿ ಮಾರ್ಕ್ 2 ಸ್ಥಿರಚಿತ್ರದ ಕ್ಯಾಮೆರಾದಿಂದ ಚಲನಚಿತ್ರವನ್ನೂ ತೆಗೆಯಬಹುದೆಂದು ಲೋಕಕ್ಕೆ ತೋರಿಸಿತು. ಆದರೆ ಮುದ್ರಣ ಆರಂಭವಾದೊಡನೆ ಅದರ ಕಿಂಡಿಯಿಂದ ಹೊರಬರುವ ಚಿತ್ರದ ಗುಣಮಟ್ಟ ತೀರ ಕೆಳಗಿಳಿಯುತ್ತಿತ್ತು. 2012ರಲ್ಲಿ ನಿಕಾನ್ ಕಂಪನಿ ತನ್ನ ಡಿ800 ಕ್ಯಾಮೆರಾದಲ್ಲಿ ಗುರುತುಗಳಿಲ್ಲದ, ಕುಗ್ಗಿಸದ ಚಿತ್ರವನ್ನು ಹೊರಗೆ ಕೊಟ್ಟಿತು. ಅದೇ ವರ್ಷ ಬಂದ ಕ್ಯಾನನ್ 5ಡಿ ಮಾರ್ಕ್ 3ರಲ್ಲಿ ಆ ಸೌಲಭ್ಯವಿರಲಿಲ್ಲ; 2013ರ ಏಪ್ರಿಲಿನಲ್ಲಿ ಒಳತಂತ್ರಾಂಶವನ್ನು ನವೀಕರಿಸಿ ಅದನ್ನು ಸೇರಿಸಲಾಯಿತು. ಅದೇ ಕ್ಯಾಮೆರಾ, ಅದೇ ಕಿಂಡಿ; ಬದಲಾದದ್ದು ಒಳಗಿನ ಆಜ್ಞೆ ಮಾತ್ರ. ಇಂದಿಗೂ ಒಂದೇ ಕಂಪನಿಯ ಕೆಲವು ಅಗ್ಗದ ಮಾದರಿಗಳಲ್ಲಿ ಈ ಸೌಲಭ್ಯವಿಲ್ಲ, ತುಸು ದುಬಾರಿ ಮಾದರಿಗಳಲ್ಲಿದೆ. ಕೊಳ್ಳುವ ಮುನ್ನ ಅಂಗಡಿಯವರಲ್ಲಿ "ಎಚ್‌ಡಿಎಂಐ ಇದೆಯೇ" ಎಂದು ಕೇಳಿದರೆ ಎಲ್ಲರೂ ಇದೆ ಎನ್ನುತ್ತಾರೆ. ಕೇಳಬೇಕಾದ ಪ್ರಶ್ನೆ ಅದಲ್ಲ.

2020ರ ಮಾರ್ಚ್‌ನಲ್ಲಿ ದೇಶಕ್ಕೆ ಬೀಗ ಬಿದ್ದು, ಆ ವರ್ಷದ ಏಪ್ರಿಲ್ 12ರ ಪಾಸ್ಕ ಹಬ್ಬವನ್ನು ಮುಚ್ಚಿದ ಬಾಗಿಲುಗಳ ಹಿಂದೆ ಆಚರಿಸಿದಾಗ ಅನೇಕರಿಗೆ ಈ ಪ್ರಶ್ನೆ ಒಮ್ಮೆಲೇ ಎದುರಾಯಿತು. ಕ್ಯಾನನ್, ಫ್ಯೂಜಿಫಿಲ್ಮ್, ನಿಕಾನ್, ಸೋನಿ ಕಂಪನಿಗಳು ಅದೇ ವರ್ಷ ತಮ್ಮ ಕ್ಯಾಮೆರಾಗಳನ್ನು ಯುಎಸ್‌ಬಿ ತಂತಿಯಿಂದಲೇ ಕಂಪ್ಯೂಟರಿಗೆ ಜೋಡಿಸುವ ತಂತ್ರಾಂಶಗಳನ್ನು ಹೊರತಂದವು. ಶುದ್ಧ ಕಿಂಡಿಯಿಲ್ಲದ ಕ್ಯಾಮೆರಾ ಉಳ್ಳವರಿಗೆ ಅದೂ ಒಂದು ದಾರಿ, ಚಿತ್ರದ ಗುಣಮಟ್ಟ ಸ್ವಲ್ಪ ಕಡಿಮೆಯಾದರೂ.

ಇನ್ನು ಮಾಡಬೇಕಾದ ಕೆಲಸ. ಮೊದಲ ಪರೀಕ್ಷೆಗೆ ಲ್ಯಾಪ್‌ಟಾಪೂ ಬೇಡ, ಹಣವೂ ಬೇಡ. ಮನೆಯ ಟಿವಿ ಸಾಕು. ಕ್ಯಾಮೆರಾವನ್ನು ಟಿವಿಗೆ ಜೋಡಿಸಿ, ಚಲನಚಿತ್ರ ತೆಗೆಯುವ ಸ್ಥಿತಿಗೆ ತನ್ನಿ. ಟಿವಿಯ ಪರದೆಯ ಮೇಲೆ ಗುರುತುಗಳು ಕಂಡರೆ ಮುದ್ರಣದಲ್ಲಿಯೂ ಅವು ಇರುತ್ತವೆ. ಬಳಿಕ ಮೆನು ತೆರೆಯಿರಿ. ಸೋನಿಯಲ್ಲಿ 'ಎಚ್‌ಡಿಎಂಐ ಇನ್ಫೊ ಡಿಸ್‌ಪ್ಲೇ' ಎಂಬುದನ್ನು ಆರಿಸಬೇಕು. ನಿಕಾನ್‌ನಲ್ಲಿ ಎಚ್‌ಡಿಎಂಐ ವಿಭಾಗದೊಳಗೆ 'ಆನ್-ಸ್ಕ್ರೀನ್ ಡಿಸ್‌ಪ್ಲೇ' ಎಂಬ ಹೆಸರಿನ ಸಾಲನ್ನು ಹುಡುಕಬೇಕು. ಇತರ ಕಂಪನಿಗಳಲ್ಲಿ ಹೆಸರು ತುಸು ಭಿನ್ನ, ಆದರೆ ಎಚ್‌ಡಿಎಂಐ ಎಂಬ ಪದದ ಬಳಿಯಲ್ಲಿಯೇ ಇರುತ್ತದೆ. ಇದನ್ನು ಮಾಡಿದ ಮೇಲೂ ಕೆಲವು ಕ್ಯಾಮೆರಾಗಳಲ್ಲಿ ಅಂಕಿಗಳು ಮಾಯವಾಗಿ ಚೌಕ ಮಾತ್ರ ಉಳಿಯುತ್ತದೆ, ಅದು ದೃಷ್ಟಿ ನೆಡುವ ಚೌಕವಾದುದರಿಂದ. ಆಗ ಮುಖ ಹುಡುಕುವ ಸೌಲಭ್ಯವನ್ನು ನಿಲ್ಲಿಸಿ, ಮಸೂರವನ್ನು ಕೈಯಿಂದಲೇ ಫೋಕಸ್ ಮಾಡುವ ಸ್ಥಿತಿಗೆ ತರಬೇಕು. ಬಲಿಪೀಠ ಎಲ್ಲಿಗೂ ಓಡುವುದಿಲ್ಲ. ಒಮ್ಮೆ ಸರಿಪಡಿಸಿದರೆ ಪೂಜೆ ಮುಗಿಯುವವರೆಗೆ ಸಾಕು.

ಮುದ್ರಣದ ಅವಧಿಯ ವಿಷಯ ಹೇಳಲೇಬೇಕು, ಏಕೆಂದರೆ ಹೊರಗೆ ಮುದ್ರಿಸುವ ಮುಖ್ಯ ಲಾಭ ಇದೇ. ಬಹಳ ಕಾಲ ಇಂಥ ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ತಾವಾಗಿಯೇ ಮುದ್ರಣ ನಿಲ್ಲಿಸುತ್ತಿದ್ದವು. ಅರ್ಧ ಗಂಟೆ ಎಡೆಬಿಡದೆ ಮುದ್ರಿಸಬಲ್ಲ ಯಂತ್ರವನ್ನು ಐರೋಪ್ಯ ಒಕ್ಕೂಟವು ವಿಡಿಯೊ ಕ್ಯಾಮೆರಾ ಎಂದು ಪರಿಗಣಿಸಿ ಹೆಚ್ಚಿನ ಸುಂಕ ವಿಧಿಸುತ್ತಿದ್ದುದು ಇದಕ್ಕೆ ಒಂದು ಮುಖ್ಯ ಕಾರಣ. ಸುಂಕದ ಕಟ್ಟೆಯ ಲೆಕ್ಕಾಚಾರ ನಮ್ಮೂರ ಮದುವೆಯ ವಚನವಿಧಿಯನ್ನು ಅರ್ಧಕ್ಕೆ ಕತ್ತರಿಸುತ್ತಿತ್ತು ಎಂದರೆ ನಂಬುವಿರಾ? ಕಿಂಡಿಯ ಮೂಲಕ ಹೊರಗೆ ಹಿಡಿದರೆ ಈ ಮಿತಿ ತಟ್ಟುವುದಿಲ್ಲ. ಆದರೂ ಕೆಲವು ಕ್ಯಾಮೆರಾಗಳು ಯಾರೂ ಗುಂಡಿ ಒತ್ತದಿದ್ದರೆ ಅರ್ಧ ಗಂಟೆಗೆ ಪರದೆಯನ್ನೇ ಆರಿಸಿಬಿಡುತ್ತವೆ. ಆಟೊ ಪವರ್ ಆಫ್ ಎಂಬುದನ್ನು ತೆಗೆದುಹಾಕಿ, ಒಂದು ದಿನ ಸುಮ್ಮನೆ ಒಂದು ಗಂಟೆ ಓಡಿಸಿ ನೋಡಬೇಕು. ಬ್ಯಾಟರಿಯ ಜಾಗದಲ್ಲಿ ಕೂರಿಸಿ ಕರೆಂಟಿಗೆ ಜೋಡಿಸುವ ಡಮ್ಮಿ ಬ್ಯಾಟರಿ ಸಿಗುತ್ತದೆ. ನಮ್ಮ ಕಡೆ ಕರೆಂಟನ್ನು ನೆಚ್ಚುವಂತಿಲ್ಲ, ಯುಪಿಎಸ್ ಇದ್ದರಷ್ಟೇ ಅದು ಕ್ಷೇಮ.

ಕಿಂಡಿಗೂ ಲ್ಯಾಪ್‌ಟಾಪಿಗೂ ನಡುವೆ ಕ್ಯಾಪ್ಚರ್ ಕಾರ್ಡ್ ಎಂಬ ಪುಟ್ಟ ಸಾಧನ ಬೇಕು. ಅಗ್ಗದ್ದೂ ಇದೆ, ದುಬಾರಿಯದ್ದೂ ಇದೆ. ವ್ಯತ್ಯಾಸವನ್ನು ಲೆಕ್ಕದಿಂದ ತಿಳಿಯಬಹುದು. ಒಂದು ಪೂರ್ಣ ಎಚ್‌ಡಿ ಚಿತ್ರದಲ್ಲಿ 1920 ಗುಣಿಸು 1080, ಅಂದರೆ ಸುಮಾರು 20 ಲಕ್ಷ 73 ಸಾವಿರ ಬಿಂದುಗಳು. ಬಿಂದುವಿಗೆ 16 ಬಿಟ್‌ಗಳಂತೆ, ಸೆಕೆಂಡಿಗೆ 25 ಚಿತ್ರಗಳಂತೆ ಹಿಡಿದರೆ ಸೆಕೆಂಡಿಗೆ ಸುಮಾರು 83 ಕೋಟಿ ಬಿಟ್‌ಗಳು ಹರಿಯಬೇಕು. ಹಳೆಯ ಯುಎಸ್‌ಬಿ 2.0 ದಾರಿಯ ಗರಿಷ್ಠ ಸಾಮರ್ಥ್ಯ 48 ಕೋಟಿ. ಇಕ್ಕಟ್ಟಾದ ಕಾಲುವೆಯಲ್ಲಿ ಭೀಮೆಯ ನೆರೆ ಹಿಡಿಸುವುದಿಲ್ಲ. ಆದುದರಿಂದ ಅಗ್ಗದ ಸಾಧನಗಳು ಪ್ರತಿ ಚಿತ್ರವನ್ನೂ ಹಿಂಡಿ ಕುಗ್ಗಿಸಿ ಕಳುಹಿಸುತ್ತವೆ. ನೇರಪ್ರಸಾರಕ್ಕೆ ಅದು ಸಾಕು. ಮುಂದಿನ ತಲೆಮಾರಿಗೆಂದು ಕಾದಿಡಲು ಯುಎಸ್‌ಬಿ 3 ಸಾಧನವೋ, 2011ರಿಂದ ಆಸ್ಟ್ರೇಲಿಯದ ಅಟೊಮೊಸ್ ಮೊದಲಾದ ಕಂಪನಿಗಳು ಮಾಡುತ್ತಿರುವಂಥ ಪ್ರತ್ಯೇಕ ರೆಕಾರ್ಡರೋ ಮೇಲು. ಅಂಥ ರೆಕಾರ್ಡರಿನಲ್ಲಿ ಪ್ರೊರೆಸ್ 422 ರೂಪದ ಒಂದು ಗಂಟೆಯ ಮುದ್ರಣ ಸುಮಾರು 55 ಜಿಬಿ ಜಾಗ ತಿನ್ನುತ್ತದೆ ಎಂಬುದು ನೆನಪಿರಲಿ.

ಸಣ್ಣಪುಟ್ಟ ಮಾತುಗಳು: ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್‌ನದು, ಕ್ಯಾಮೆರಾವನ್ನು 25 ಅಥವಾ 50 ಚಿತ್ರಗಳ 'ಪಾಲ್' ಕ್ರಮಕ್ಕೆ ತಂದು ಷಟರ್ 1/50ಕ್ಕೆ ಇಟ್ಟರೆ ಟ್ಯೂಬ್‌ಲೈಟಿನ ಮಿಣುಕು ಕಾಣದು. ಕಿಂಡಿ ಮಿನಿಯೋ ಮೈಕ್ರೋವೋ ನೋಡಿ ತಂತಿ ಕೊಳ್ಳಿರಿ. ಚಿತ್ರವು ಸಾಧನದ ಮೂಲಕ ಹಾದು ಬರುವಾಗ ತುಸು ತಡವಾಗುತ್ತದೆ, ಮಿಕ್ಸರಿನಿಂದ ನೇರ ಲ್ಯಾಪ್‌ಟಾಪಿಗೆ ಹೋದ ಧ್ವನಿ ಮೊದಲೇ ತಲುಪಿರುತ್ತದೆ. ಆಗ ಪ್ರಸಂಗ ಮಾಡುವವರ ತುಟಿಗೂ ಮಾತಿಗೂ ತಾಳೆಯಾಗದು. ನಾವು ಪೂಜೆಗೆ ಮುನ್ನ ಬಲಿಪೀಠದ ಗಂಟೆಯನ್ನು ಕ್ಯಾಮೆರಾದ ಎದುರು ಒಮ್ಮೆ ಬಾರಿಸಿಸುತ್ತೇವೆ. ಗಂಟೆ ಅಲುಗಿದ್ದು ಯಾವಾಗ, ಸದ್ದು ಬಂದದ್ದು ಯಾವಾಗ ಎಂದು ನೋಡಿ, ಒಬಿಎಸ್ ಎಂಬ ಉಚಿತ ತಂತ್ರಾಂಶದಲ್ಲಿ ಧ್ವನಿಯನ್ನು ಅಷ್ಟು ಹಿಂದಕ್ಕೆ ಸರಿಸುತ್ತಾರೆ ಹುಡುಗರು.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಅಭಿಪ್ರಾಯವನ್ನೂ ಮುಚ್ಚಿಡಬಾರದು. ನೇರಪ್ರಸಾರ ಬೇಡ, ಅವಧಿ ಅರ್ಧ ಗಂಟೆ ಮೀರುವುದಿಲ್ಲ ಎಂದಾದರೆ ಈ ತಂತಿಗಳ ಗೊಡವೆಯೇ ಬೇಡ. ಕ್ಯಾಮೆರಾದ ಒಳಗಿನ ಕಾರ್ಡೇ ಸಾಕು, ಗುರುತುಗಳ ಕಾಟವೂ ಇಲ್ಲ. ಹೊರಗೆ ಹಿಡಿಯುವಾಗಲೂ, ಕ್ಯಾಮೆರಾ ಒಪ್ಪಿದರೆ, ಒಳಗೂ ಮುದ್ರಿಸುತ್ತಿರಬೇಕು. ಅಂದು ಕರಜಗಿಯಲ್ಲಿ ಒಂದು ಕಾರ್ಡ್ ಒಳಗಿದ್ದು ಗುಂಡಿ ಒತ್ತಿದ್ದರೆ ತುಂಡು ತುಂಡಾಗಿಯಾದರೂ ತಾಯಿಯ ಮುಖ ಚೌಕವಿಲ್ಲದೆ ಉಳಿಯುತ್ತಿತ್ತು.

ತಿಂಗಳ ಬಲಿಪೂಜೆಗೆ ಮತ್ತೆ ಅದೇ ಮನೆಗೆ ಹೋದೆವು. ಈ ಬಾರಿ ಒಂದು ಗಂಟೆ ಮುಂಚೆ. ಅದೇ ಕ್ಯಾಮೆರಾವನ್ನು ಪಡಸಾಲೆಯ ಟಿವಿಗೆ ಜೋಡಿಸಿದರು. ಮೆನುವಿನಲ್ಲಿ ಬೇಕಾದ ಸಾಲು ಇದ್ದೇ ಇತ್ತು. ಆರಿಸಿದೊಡನೆ ಬ್ಯಾಟರಿಯೂ ಅಂಕಿಗಳೂ ಹೋದವು. ಚೌಕ ಹೋಗಲಿಲ್ಲ. ಗೋಡೆಯ ಮೇಲಿನ ತಾಯಿಯ ಭಾವಚಿತ್ರವನ್ನು ಕಂಡು ಅದರ ಮುಖದ ಮೇಲೆ ಹೋಗಿ ಕುಳಿತಿತು. ಹುಡುಗ ನಮ್ಮ ಕಡೆ ನೋಡಿದ. "ತಡ ಆದ್ರ ಆಗ್ಲಿ ತಮ್ಮಾ, ನೋಡು" ಎಂದೆವು. ಮಸೂರದ ಬದಿಯ ಗುಂಡಿಯನ್ನು ಸರಿಸಿ, ಕೈಯಿಂದ ಉಂಗುರ ತಿರುಗಿಸಿ ಬಲಿಪೀಠವನ್ನು ಸ್ಪಷ್ಟಗೊಳಿಸಿದ. ಟಿವಿಯ ಮೇಲೆ ಬಿಳಿಯ ಬಟ್ಟೆ, ಎರಡು ಮೇಣದ ಬತ್ತಿ, ಭಾವಚಿತ್ರ. ಬೇರೇನೂ ಇರಲಿಲ್ಲ. ಮಸ್ಕತ್ತಿನಿಂದ ಮಗ ಕಾಣುತ್ತಿದೆಯೆಂದು ಹೇಳಿದ ಮೇಲೆ ಗಂಟೆ ಬಾರಿಸಿ ಪೂಜೆ ಆರಂಭಿಸಿದೆವು. ಕ್ಯಾಮೆರಾದೊಳಗೆ ಒಂದು ಕಾರ್ಡೂ ಇತ್ತು.