ತೋಪಿನ ಪಾಠ, ಕೋವಿಯ ಪರೀಕ್ಷೆ

ಕೈಲ್ ಮುಹೂರ್ತ ಬಂತೆಂದರೆ ಕೊಡಗಿನ ನಮ್ಮ ಬೆಳೆಗಾರ ಬಾಂಧವರಲ್ಲಿ ಒಂದು ಚರ್ಚೆ ತಪ್ಪದು. ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಇಟ್ಟ ಗುರಿ ತಪ್ಪಿದಾಗ, ತಪ್ಪು ಕೈಯದೋ, ಕೋವಿಯದೋ, ತೋಟೆಯದೋ?

ಈ ಪ್ರಶ್ನೆಗೆ ಉತ್ತರದ ಎಳೆಯೊಂದು ನಮಗೆ ದೂರದ ಮುದ್ದೇಬಿಹಾಳ ತಾಲೂಕಿನಲ್ಲಿ ಸಿಕ್ಕಿತು. ಕೃಷ್ಣಾ ತೀರದ ರಕ್ಕಸಗಿ, ತಂಗಡಗಿ ಎಂಬ ಊರುಗಳ ದಾರಿ ವಿಚಾರಿಸಿದಾಗ ಹಿರಿಯರೊಬ್ಬರು, "ಅಲ್ಲೇನೈತ್ರಿ ನೋಡಾಕ? ಬರೇ ಹೊಲ ಐತ್ರಿ" ಎಂದು ನಕ್ಕರು. ನಿಜ, ಕಂಡದ್ದು ಜೋಳ, ತೊಗರಿಯ ಎರೆಹೊಲಗಳೇ. ಆದರೆ 1565ರ ಜನವರಿಯಲ್ಲಿ ವಿಜಯನಗರದ ಭಾಗ್ಯ ತಿರುಗಿದ ಕಾಳಗಕ್ಕೆ ಈ ಊರುಗಳ ಹೆಸರೇ ಅಂಟಿಕೊಂಡಿದೆ. ಅಂದು ಅಹಮದ್‌ನಗರದ ತೋಪುಗಳ ಹೊಣೆ ಹೊತ್ತಿದ್ದವನು ಚಲಬಿ ರೂಮಿಖಾನ್. ವಿಜಯನಗರದ ಸೇನೆ ತೀರ ಹತ್ತಿರ ಬಂದಾಗ ಅವನು ತೋಪುಗಳಿಗೆ ತಾಮ್ರದ ನಾಣ್ಯದ ಚೀಲಗಳನ್ನು ತುಂಬಿಸಿ ಹಾರಿಸಿದನೆಂದು ಇತಿಹಾಸಕಾರ ಫರಿಷ್ತಾ ಬರೆದಿದ್ದಾನೆ.

ಒತ್ತಾದ ಸೇನೆಗೆ ಚೆದರುವ ನಾಣ್ಯ ಸಾಕು. ದೂರದ ಗುರಿಗೆ ಅದು ವ್ಯರ್ಥ. ನಮ್ಮ ಚರೆಯ ತೋಟೆಗೂ ಒಂಟಿ ಗುಂಡಿಗೂ ಇರುವ ವ್ಯತ್ಯಾಸ ಇದೇ. ದೂರ ಹೆಚ್ಚಿದಂತೆ ಚರೆ ಹರಡುತ್ತದೆ. ಒಂಟಿ ಗುಂಡು ಹರಡದು. ಆದರೆ ನಳಿಗೆಗೆ ಅದು ಹೊಂದದಿದ್ದರೆ ಪ್ರತಿ ಸಲವೂ ಬೇರೆ ಕಡೆ ಹೋಗುತ್ತದೆ. ಒಂದು ಕೋವಿಗೆ ಒಗ್ಗಿದ ತೋಟೆ ಅದೇ ಜಾತಿಯ ಇನ್ನೊಂದು ಕೋವಿಗೆ ಒಗ್ಗದೆಯೂ ಇರಬಹುದು.

ಹಾಗಾದರೆ ತಿಳಿಯುವುದು ಹೇಗೆ? ಒಂದು ಈಡಿನಿಂದ ಏನೂ ತಿಳಿಯದು. ಅನುಮತಿಯುಳ್ಳ ಶೂಟಿಂಗ್ ರೇಂಜಿನಲ್ಲಿ, ಕೋವಿಯನ್ನು ಮರಳುಚೀಲದ ಮೇಲೆ ಊರಿ, ಒಂದೇ ದೂರದಿಂದ ಕಾಗದದ ಗುರಿಗೆ ಐದು ಈಡು ಹಾಕಿ ನೋಡಬೇಕು. ನಡುನಡುವೆ ನಳಿಗೆ ಆರಲಿ. ಐದು ತೂತುಗಳೂ ಒಂದೆಡೆ ಗುಂಪಾಗಿ, ಗುಂಪು ಮಾತ್ರ ಪಕ್ಕಕ್ಕೆ ಸರಿದಿದ್ದರೆ ತೋಟೆ ಸರಿಯಿದೆ, ಗುರಿ ತಿದ್ದಿಕೊಂಡರಾಯಿತು. ತೂತುಗಳು ಚೆಲ್ಲಾಪಿಲ್ಲಿಯಾಗಿದ್ದರೆ ತೋಟೆಯ ಜಾತಿಯೊಂದನ್ನೇ ಬದಲಿಸಿ ಮತ್ತೆ ಪರೀಕ್ಷಿಸಬೇಕು. ಎರಡು ಸಂಗತಿಗಳನ್ನು ಒಟ್ಟಿಗೆ ಬದಲಿಸಿದರೆ ಗುಣ ಯಾವುದರಿಂದ ಬಂತೆಂದು ಗೊತ್ತಾಗದು. ತೋಟಕ್ಕೆ ಹೊಸ ಗೊಬ್ಬರ ಹಾಕಿ ನೋಡುವಾಗ ನಾವು ಪಾಲಿಸುವ ಕ್ರಮವೂ ಇದೇ ಅಲ್ಲವೇ?

ಇಲ್ಲಿ ಒಂದು ಮಾತು ಬಿಚ್ಚಿ ಹೇಳಬೇಕು. ತೋಟೆ ದುಬಾರಿಯೆಂದು ಹಾರಿಸಿದ ತೋಟೆಗೆ ಮನೆಯಲ್ಲೇ ಮದ್ದು ತುಂಬುವ ಯೋಚನೆ ಕೆಲವರಿಗಿದೆ. ಬೇಡ. ಮದ್ದಿನ ಜಾತಿ ತಪ್ಪಿದರೆ, ಅಳತೆ ತುಸು ಹೆಚ್ಚಿದರೆ, ಒತ್ತಡ ತಾಳದೆ ನಳಿಗೆ ಒಡೆಯಬಹುದು. ಅದರ ಹಿಂದೆ ಇರುವುದು ನಮ್ಮದೇ ಕಣ್ಣು, ಕೈ. ಕಾನೂನೂ ಒಪ್ಪದು. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ 2019ರ ಕೇಂದ್ರ ಅಧಿಸೂಚನೆ 2029ರ ಅಕ್ಟೋಬರ್‌ವರೆಗೆ ಕೊಟ್ಟಿರುವ ವಿನಾಯಿತಿ ಕೋವಿ ಹೊಂದುವುದಕ್ಕೆ. ಮದ್ದುಗುಂಡು ತಯಾರಿಕೆಗೆ ಆಯುಧ ಕಾಯ್ದೆ 1959ರ 5ನೇ ಕಲಮಿನಂತೆ ಪರವಾನಗಿ ಬೇಕೇ ಬೇಕು. ಕಾಡುಹಂದಿ, ಮಂಗಗಳ ಕಾಟವಿದೆಯೆಂದು ತಾವಾಗಿಯೇ ಕೋವಿ ಎತ್ತುವುದೂ ಸಲ್ಲದು. ಅದಕ್ಕೆ 1972ರ ವನ್ಯಜೀವಿ ಕಾಯ್ದೆಯಿದೆ, ಅರಣ್ಯ ಇಲಾಖೆಯನ್ನು ಕೇಳಬೇಕು.

ಕಾರ್ಖಾನೆಯ ತೋಟೆಯನ್ನೇ ಕೊಂಡು, ತೇವ ತಾಗದಂತೆ ಇಟ್ಟು, ಐದು ಈಡಿನ ಕಾಗದವನ್ನು ದಿನಾಂಕ ಬರೆದು ಕಾದಿಡಿ. ಮುಂದಿನ ಕೈಲ್ ಮುಹೂರ್ತದ ಚರ್ಚೆಯಲ್ಲಿ ಆ ಕಾಗದವೇ ನಿಮ್ಮ ಸಾಕ್ಷಿ. ಕಾಯಿ ಬೀಳಲಿ, ಬಿಡಲಿ. ಗುರಿಗೆ ಹೋದವರೆಲ್ಲ ಕ್ಷೇಮವಾಗಿ ಮನೆಗೆ ಮರಳಲಿ.