ಕೋವಿಯ ಮಣಿ

ಮೂವತ್ತು ವರ್ಷಕ್ಕೂ ಮಿಗಿಲಾಗಿ ಪಂಪನನ್ನೂ ರನ್ನನನ್ನೂ ಪಾಠ ಹೇಳಿಕೊಂಡಿದ್ದ ಮೇಷ್ಟರೊಬ್ಬರು ಕೋವಿಯ ವಿಷಯವಾಗಿ ಮಾತನಾಡಲು ಕುಳಿತರೆ ಕೇಳುವವರಿಗೆ ಸೋಜಿಗವಾಗುವುದು ಸಹಜ. ಆದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸೀಮೆಯಲ್ಲಿ ಬೇಸಾಯದ ಮನೆಯಲ್ಲಿ ಹುಟ್ಟಿದವರಿಗೆ ಕೋವಿ ಅಷ್ಟೇನೂ ಪರಕೀಯ ವಸ್ತುವಲ್ಲ. ಅಟ್ಟದ ಮೇಲೆ ಪಂಚಾಂಗದ ಕಟ್ಟು ಇದ್ದಂತೆ ಮೂಲೆಯಲ್ಲಿ ಒಂದು ಕೋವಿಯೂ ಇರುತ್ತಿತ್ತು. ನನ್ನ ತಂದೆಯವರ ಹನ್ನೆರಡು ಬೋರಿನ ಜೋಡುನಳಿಗೆ ಕೋವಿ ಅವರ ತರುವಾಯ ಪರವಾನಗಿಯ ಸಮೇತ ನನ್ನ ಪಾಲಿಗೆ ಬಂತು. ನಿವೃತ್ತನಾಗಿ ಊರು ಸೇರಿದ ಮೇಲೆ ಜೋಳದ ಹೊಲದ ಕಾವಲಿಗೆ ಅದನ್ನು ಹೊರಕ್ಕೆ ತೆಗೆದೆ. ತೆಗೆದು ಭುಜಕ್ಕಿಟ್ಟು ನೋಡಿದರೆ, ನಳಿಗೆಯ ತುದಿಯಲ್ಲಿದ್ದ ಹಿತ್ತಾಳೆಯ ಮಣಿ ನನ್ನ ಕಣ್ಣಿಗೆ ಕಾಣಲೇ ಇಲ್ಲ. ಮಂಜಿನಲ್ಲಿ ಕರಗಿದ ಒಂದು ಮಸುಕು ಮಾತ್ರ ಕಂಡಿತು. ನನ್ನ ವಯಸ್ಸಿನ ಪರವಾನಗಿದಾರರು ಈ ನಾಲ್ಕು ತಾಲ್ಲೂಕುಗಳಲ್ಲಿ ಬಹಳ ಮಂದಿ ಇದ್ದಾರೆ. 'ಹೊಸ ಮಣಿ ಹಾಕಿಸಬೇಕು, ಯಾವುದು ಒಳ್ಳೆಯದು ಸ್ವಾಮಿ?' ಎಂದು ಅವರೂ ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಕ್ರಮವಾಗಿ ಹೇಳಲು ಯತ್ನಿಸುತ್ತೇನೆ.

ಮೊದಲು ಶಬ್ದಗಳ ವಿಚಾರ. ಅದನ್ನು ಬಿಟ್ಟರೆ ನನಗೆ ಸಮಾಧಾನವಿಲ್ಲ. ಕೋವಿ ಎಂದರೆ ಮೂಲತಃ ಕೊಳವೆ. ತುಪಾಕಿ ಎಂಬುದು ತುರ್ಕಿಯಿಂದ ಬಂದದ್ದು. ಬಂದೂಕಿನ ಮೂಲ ಅರಬ್ಬಿಯಲ್ಲಿದೆ. ಅಲ್ಲಿ ಅದು ಒಂದು ಬಗೆಯ ಗುಂಡನೆಯ ಕಾಯಿಯ ಹೆಸರು. ನಳಿಗೆಯ ತುದಿಯ ಈ ಪುಟ್ಟ ಗುರುತಿಗೆ ನಾವು ಮಣಿ ಎನ್ನುತ್ತೇವೆ, ಇಂಗ್ಲಿಷಿನವರೂ ಮಣಿ ಎಂದೇ ಕರೆದರು. ಹಿಂದಿಯಲ್ಲಿ ಅದು ಮಖ್ಖಿ, ಎಂದರೆ ನೊಣ. ಜರ್ಮನರು ಅದನ್ನು ಕಾಳು ಎಂದರು. ಮಣಿ, ನೊಣ, ಕಾಳು ಮೂರೂ ಅಲ್ಪವಸ್ತುಗಳೇ. ಹೆಸರಿಟ್ಟವರಿಗೆ ಅದರ ಅಂತಸ್ತು ಚೆನ್ನಾಗಿ ತಿಳಿದಿತ್ತೆಂದು ನನಗನ್ನಿಸುತ್ತದೆ.

ಏಕೆಂದರೆ ರೈಫಲಿನಲ್ಲಿ ಗುರಿಯ ಸಾಧನ ಎರಡು ಕಡೆ ಇರುತ್ತದೆ: ಹಿಂದೆ ಒಂದು ಕಂಡಿ, ಮುಂದೆ ಒಂದು ಮೊನೆ. ಚರೆ ಹಾರಿಸುವ ನಮ್ಮ ಕೋವಿಯಲ್ಲಿ ಮುಂದಿನದು ಮಾತ್ರ ಇದೆ. ಹಿಂದಿನದು ಎಲ್ಲಿ? ಅದು ನಮ್ಮ ಕಣ್ಣೇ. ಮರದ ಹಿಡಿಯ ಮೇಲೆ ಕೆನ್ನೆ ಎಲ್ಲಿ ಕುಳಿತಿತೋ ಅಲ್ಲಿ ಕಣ್ಣು ನಿಲ್ಲುತ್ತದೆ, ಕಣ್ಣು ನಿಂತ ಕಡೆಯಿಂದ ಗುರಿ ಹೊರಡುತ್ತದೆ. ಕೆನ್ನೆ ಮೂರು ಮಿಲಿಮೀಟರು ಮೇಲೆದ್ದರೆ 40 ಗಜದಾಚೆ ಈಡು ಸುಮಾರು ನಾಲ್ಕು ಅಂಗುಲ ಮೇಲೆ ಹೋಗುತ್ತದೆ. ಹಾಗೆಯೇ, ಇದ್ದ ಮಣಿಯನ್ನು ತೆಗೆದು ಮೂರು ಮಿಲಿಮೀಟರು ಎತ್ತರದ ಹೊಸ ಮಣಿ ಕೂರಿಸಿದರೆ ಈಡು ಅಷ್ಟೇ ಕೆಳಗಿಳಿಯುತ್ತದೆ. ಎತ್ತರದ ಮಣಿ ಹಾಕಿದರೆ ಈಡು ಎತ್ತರಕ್ಕೆ ಹೋಗುತ್ತದೆಂದು ನಂಬಿದವರು ಅನೇಕರಿದ್ದಾರೆ, ಅದು ತಿರುಗುಮುರುಗು. ಮಣಿಯ ತಲೆಯನ್ನು ಗುರಿಗೆ ಕೂಡಿಸಲು ಮೂತಿಯನ್ನು ತಗ್ಗಿಸಬೇಕಾಗುತ್ತದೆ, ಅಷ್ಟೇ ಕಾರಣ.

ಇಲ್ಲಿ ದ್ರೋಣಾಚಾರ್ಯರ ಪರೀಕ್ಷೆ ನೆನಪಾಗದೆ ಇರದು. ಮರದ ಮೇಲಿನ ಕೃತಕ ಪಕ್ಷಿಯನ್ನು ತೋರಿಸಿ ಏನು ಕಾಣುತ್ತಿದೆಯೆಂದು ಆಚಾರ್ಯರು ಕೇಳಿದಾಗ, ಅರ್ಜುನನಿಗೆ ಕಂಡದ್ದು ಪಕ್ಷಿ, ಕೊನೆಗೆ ಅದರ ತಲೆ ಮಾತ್ರ. ಬಾಣದ ಮೊನೆ ಕಾಣುತ್ತಿದೆಯೆಂದು ಅವನು ಹೇಳಲಿಲ್ಲ ಎಂಬುದನ್ನು ಪಾಠ ಹೇಳುವಾಗ ನಾನು ಗಮನಿಸಿರಲಿಲ್ಲ. ಚರೆಕೋವಿಯ ಪಾಠವೂ ಅದೇ. ನೋಟ ಗುರಿಯ ಮೇಲಿರಬೇಕು, ಮಣಿ ಕಣ್ಣಂಚಿನಲ್ಲಿ ಸುಮ್ಮನೆ ಇದ್ದರೆ ಸಾಕು. ಮಣಿಯನ್ನೇ ದಿಟ್ಟಿಸುವವನ ಕೋವಿ ನಿಂತುಬಿಡುತ್ತದೆ, ಹಾರುವ ಗುರಿ ಮುಂದೆ ಹೋಗಿಬಿಡುತ್ತದೆ. ಹೀಗಿರುವಾಗ ಅತಿಯಾಗಿ ಹೊಳೆದು ಕಣ್ಣನ್ನು ತನ್ನತ್ತ ಸೆಳೆಯುವ ಮಣಿ ಗುಣವೋ ದೋಷವೋ ಎಂಬುದನ್ನು ಕೊಳ್ಳುವವನು ಯೋಚಿಸಬೇಕು. ಗಾತ್ರಕ್ಕೂ ಇದೇ ಮಾತು. ಮೂರು ಮಿಲಿಮೀಟರಿನ ಮಣಿ 40 ಗಜದಲ್ಲಿ ನಾಲ್ಕಂಗುಲದಷ್ಟನ್ನು ಮರೆಮಾಡುತ್ತದೆ. ಐದು ಮಿಲಿಮೀಟರಿನದು ಏಳಂಗುಲವನ್ನು.

ಆದ್ದರಿಂದ ಮಣಿ ಕೊಳ್ಳುವ ಮೊದಲು ಕೋವಿ ಎಲ್ಲಿ ಹೊಡೆಯುತ್ತದೆಂದು ನೋಡಬೇಕು. ಕಾಗದಗಳನ್ನು ಅಂಟಿಸಿ ಬೆಡ್‌ಶೀಟಿನಗಲ ಹಾಳೆ ಮಾಡಿ, ಹಿಂದೆ ದಪ್ಪ ಮಣ್ಣಿನ ದಿಬ್ಬವಿರುವ ಕಡೆ, ಪರವಾನಗಿಯ ಷರತ್ತಿಗೆ ಒಳಪಟ್ಟು ನಿಲ್ಲಿಸಿರಿ. ನಡುವೆ ಮಸಿಯ ಬೊಟ್ಟು. 16 ಗಜದಿಂದ, ಮಣಿಯನ್ನು ಹುಡುಕದೆ, ಬೊಟ್ಟನ್ನೇ ನೋಡುತ್ತ ಕೋವಿಯನ್ನೆತ್ತಿ ನಾಲ್ಕಾರು ಸಲ ಹಾರಿಸಿರಿ. ಚರೆಗಳ ರಾಶಿಯ ನಡು ಬೊಟ್ಟಿನಿಂದ ಒಂದಂಗುಲ ಸರಿದಿದ್ದರೆ ಹಿಡಿಯ ಮರದಲ್ಲಿ ಅಂಗುಲದ ಹದಿನಾರನೆಯ ಒಂದು ಭಾಗ ತಿದ್ದುಪಡಿ ಬೇಕೆಂದು ಬಂದೂಕು ಮಾಡುವವರ ಹಳೆಯ ಲೆಕ್ಕ. ಅನಂತರ 40 ಗಜಕ್ಕೆ ಹೋಗಿ 30 ಅಂಗುಲ ವ್ಯಾಸದ ವೃತ್ತದೊಳಗೆ ಎಷ್ಟು ಚರೆ ಬಿದ್ದವೆಂದು ಎಣಿಸಬೇಕು. ಪೂರ್ತಿ ಚೋಕಿನ, ಎಂದರೆ ಮೂತಿಯಲ್ಲಿ ಬಿಗಿಯಾದ ನಳಿಗೆ ನೂರಕ್ಕೆ 70ರಷ್ಟನ್ನು ಅದರೊಳಗೆ ಹಾಕುತ್ತದೆ, ನೇರನಳಿಗೆ 40ರಷ್ಟನ್ನು. ಈ ಪರೀಕ್ಷೆಯನ್ನು ಮಾಡಿದ ಮೇಲೆ ನನಗೆ ತಿಳಿದದ್ದು ಸ್ವಲ್ಪ ಅವಮಾನಕರವಾಗಿತ್ತು. ನನ್ನ ಈಡು ಕೆಳಕ್ಕೂ ಎಡಕ್ಕೂ ಬೀಳುತ್ತಿತ್ತು, ಮಣಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ನಮ್ಮ ತಂದೆಯವರದು ದುಂಡು ಮುಖ, ನನ್ನದು ಒಣಗಿದ ಕೆನ್ನೆ. ಅವರ ಕೆನ್ನೆಗೆ ಹೊಂದಿದ ಹಿಡಿಯ ಮೇಲೆ ನನ್ನ ಕಣ್ಣು ತೀರ ಕೆಳಗಿಳಿಯುತ್ತಿತ್ತು. ಹಿಡಿಗೆ ಚರ್ಮದ ಒಂದು ಪಟ್ಟಿ ಸುತ್ತಿ, ಒಳಗೆ ತೆಳುವಾದ ಬಿರಡೆಯ ಹಲ್ಲೆ ಇಟ್ಟ ಮೇಲೆ ಈಡು ಮೇಲೆದ್ದಿತು.

ಎಡಕ್ಕೆ ಬೀಳುವುದಕ್ಕೆ ಕಾರಣ ಬೇರೆ. ಎರಡು ಕಣ್ಣುಗಳಲ್ಲಿ ಒಂದು ಯಜಮಾನ, ಇನ್ನೊಂದು ಅನುಚರ. ದೂರದ ದೀಪವೊಂದನ್ನು ಎರಡು ಕಣ್ಣೂ ತೆರೆದು ಹೆಬ್ಬೆರಳಿನಿಂದ ಮುಚ್ಚಿ, ಬಳಿಕ ಒಂದೊಂದೇ ಕಣ್ಣು ಮುಚ್ಚಿ ನೋಡಿರಿ. ಯಾವ ಕಣ್ಣು ತೆರೆದಾಗ ಬೆರಳು ದೀಪದ ಮೇಲೆಯೇ ಉಳಿಯುತ್ತದೋ ಅದು ಯಜಮಾನ. ಬಲಭುಜದಿಂದ ಹೊಡೆಯುವವನಿಗೆ ಎಡಗಣ್ಣು ಯಜಮಾನನಾದರೆ ಲಕ್ಷ ರೂಪಾಯಿಯ ಗುರಿಸಾಧನವೂ ಅವನನ್ನು ಎಡಕ್ಕೇ ಕರೆದೊಯ್ಯುತ್ತದೆ. ವಯಸ್ಸಿನೊಡನೆ ಈ ಯಜಮಾನಿಕೆ ಅದಲುಬದಲಾಗುವುದೂ ಉಂಟು. ಕನ್ನಡಕದ ಎಡಗಾಜಿನ ಮೇಲೆ, ಕೋವಿಯೆತ್ತಿದಾಗ ಮಣಿಗೆ ಅಡ್ಡ ಬರುವ ಜಾಗದಲ್ಲಿ, ಕಾಸಿನಗಲದ ಮಬ್ಬು ಕಾಗದ ಅಂಟಿಸುವುದೇ ಇದಕ್ಕೆ ಅತ್ಯಂತ ಅಗ್ಗದ ಮದ್ದು. ಇನ್ನು ಮಣಿ ಮಸುಕಾಗುವುದು ಅರುವತ್ತು ದಾಟಿದ ಎಲ್ಲರಿಗೂ ಸಾಮಾನ್ಯ. ಮಣಿ ನಮ್ಮ ಕಣ್ಣಿನಿಂದ ಮೂರು ಮೂರೂವರೆ ಅಡಿ ದೂರದಲ್ಲಿರುತ್ತದೆ. ಓದುವ ಕನ್ನಡಕಕ್ಕೆ ಅದು ಹೆಚ್ಚು ದೂರ, ದೂರದ ಕನ್ನಡಕಕ್ಕೆ ಹೆಚ್ಚು ಹತ್ತಿರ. ಆ ಮಸುಕನ್ನು ಸಹಿಸಿಕೊಳ್ಳುವುದೇ ಮೇಲು. ಗುರಿ ಸ್ಪಷ್ಟವಾಗಿ ಕಂಡು ಮಣಿ ಮಸುಕಾದರೆ ಕೆಲಸ ನಡೆದೀತು, ಮಣಿ ಸ್ಪಷ್ಟವಾಗಿ ಕಂಡು ಗುರಿ ಮಸುಕಾದರೆ ನಡೆಯದು.

ಇಷ್ಟೆಲ್ಲ ಆದ ಮೇಲೆಯೂ ಮಣಿ ಬೇಕೆನಿಸಿದರೆ ಅಂಗಡಿಗೆ ಹೋಗಬಹುದು. ಹಿತ್ತಾಳೆಯ ಮಣಿ ಒರಟು ಬಾಳಿಕೆಯದು, ಸಂಜೆಯಲ್ಲಿ ಮಾಯವಾಗುತ್ತದೆ. ಬಿಳಿಯ ಮಣಿ ಮುಸ್ಸಂಜೆಗೆ ಮೇಲು. ಈಗ ಎಲ್ಲೆಲ್ಲೂ ಕಾಣುವ ಕಿತ್ತಳೆ, ಹಸಿರು ಬಣ್ಣದ ಫೈಬರ್ ಕಡ್ಡಿ ಸ್ವತಃ ದೀಪವಲ್ಲ. ಬಣ್ಣ ಬೆರೆಸಿದ ಪ್ಲಾಸ್ಟಿಕ್ ಸಲಾಕೆ ತನ್ನ ಮೈಗುಂಟ ಬಿದ್ದ ಬೆಳಕನ್ನು ಹೀರಿ ತುದಿಯಲ್ಲಿ ಉಗುಳುತ್ತದೆ. ಆದ್ದರಿಂದ ಹಗಲಿನಲ್ಲಿ ಕೆಂಡದಂತೆ ಹೊಳೆದು ರಾತ್ರಿಯಲ್ಲಿ ಕಲ್ಲಿದ್ದಲಾಗುತ್ತದೆ. ಕೂರಿಸುವ ವಿಧಾನವನ್ನೂ ವಿಚಾರಿಸಬೇಕು. ತಿರುಪಿನ ಎಳೆ ಅಮೆರಿಕದ ಮಣಿಯಲ್ಲಿ ಒಂದು ಅಳತೆ, ಯೂರೋಪಿನದರಲ್ಲಿ ಇನ್ನೊಂದು. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗುವುದು ಲೇಸು. ಅಯಸ್ಕಾಂತದಿಂದ ಕಚ್ಚಿಕೊಳ್ಳುವ ಬಗೆ ನಳಿಗೆಯ ಮೇಲಿನ ಚಪ್ಪಟೆ ಉಕ್ಕಿನ ಪಟ್ಟಿಗೆ ಹೊಂದುತ್ತದೆ. ನಮ್ಮ ಹಳೆಯ ಜೋಡುನಳಿಗೆಗಳ ನಡುವೆ ತಗ್ಗಾಗಿ ಹರಿಯುವ ಪಟ್ಟಿಯ ಮೇಲೆ ಅದು ನೆಟ್ಟಗೆ ಕೂರುವುದಿಲ್ಲ. ಅಲ್ಲಿ ಬೆಸುಗೆ ಹಾಕುತ್ತೇನೆಂದು ಊರ ವೆಲ್ಡಿಂಗಿನವನು ಹೇಳಿದರೆ ಕೈಮುಗಿದು ಬಂದುಬಿಡಿ. ಆ ಪಟ್ಟಿಯನ್ನು ನಳಿಗೆಗೆ ಹಿಡಿದಿರುವುದು ಮೃದು ಬೆಸುಗೆ, ಬಿಸಿ ತಾಕಿದರೆ ಅದೇ ಬಿಟ್ಟುಕೊಳ್ಳುತ್ತದೆ. ನಳಿಗೆಗೆ ತೂತು ಕೊರೆಯುವ ಕೆಲಸವಂತೂ 1959ರ ಶಸ್ತ್ರಾಸ್ತ್ರ ಕಾಯಿದೆಯ ಮೇರೆಗೆ ದುರಸ್ತಿಯ ಪರವಾನಗಿ ಪಡೆದ ಬಂದೂಕುಗಾರನದೇ.

ಬಳಕೆಯೂ ಸೀಮೆಯಿಂದ ಸೀಮೆಗೆ ಬೇರೆ. ಕೃಷ್ಣರಾಜನಗರದ ಕಾಲುವೆ ಬಯಲಿನ ಗದ್ದೆಗಳಲ್ಲಿ ನೋಟ ಬಹುದೂರ ಹರಿಯುತ್ತದೆ. ಅಲ್ಲಿ ಕೋವಿ ಹೆಚ್ಚಾಗಿ ಮನೆಯ ರಕ್ಷಣೆಗೆ, ಹಳೆಯ ಮಣಿಯೇ ಧಾರಾಳ. ಪಿರಿಯಾಪಟ್ಟಣದವರಿಗೆ ಗಡಿಯಾಚೆಯ ಕೊಡಗಿನ ನೆಂಟರನ್ನು ಕಂಡು ಆಸೆ ಹುಟ್ಟುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆ, ಕೈಲ್ ಮುಹೂರ್ತದಲ್ಲಿ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯವೂ ಇದೆ. ನಿಂತ ಕಾಯಿಗೆ ಒಂಟಿಗುಂಡು ಹೊಡೆಯುವವನಿಗೆ ಹಿಂದೆ ಕಂಡಿ ಮುಂದೆ ಮೊನೆ ಇರುವ ರೈಫಲ್ ಮಾದರಿಯ ಗುರಿಸಾಧನ ನಿಜವಾಗಿ ಬೇಕು. ಚರೆ ಹಾರಿಸುವವನಿಗೆ ಅದು ಹೊರೆ. ಹುಣಸೂರಿನ ಹೊಗೆಸೊಪ್ಪಿನ ಹೊಲಗಳಿಂದ ದಕ್ಷಿಣಕ್ಕೆ, ಕೋಟೆ ತಾಲ್ಲೂಕಿನ ಕಾಡಂಚಿಗೆ ಬಂದರೆ ವಿಷಯ ಗಂಭೀರವಾಗುತ್ತದೆ. ನಾಗರಹೊಳೆ, ಬಂಡೀಪುರಗಳ ಕಾಡು ಅಲ್ಲಿ ಹೊಲದ ಬದುವಿಗೇ ತಾಗಿದೆ. ಕಾವಲು ನಡೆಯುವುದು ರಾತ್ರಿ, ಅಂತರ ಇಪ್ಪತ್ತು ಗಜ.

ಇಲ್ಲಿಯೇ ನಾನು ಎಡವಿದ್ದು. ರಾತ್ರಿಗೆಂದು ಕೆಂಪು ಚುಕ್ಕಿಯ ಗುರಿಸಾಧನವೊಂದನ್ನು ತರಿಸಿ ನಳಿಗೆಯ ಪಟ್ಟಿಗೆ ಕಚ್ಚಿಸಿಕೊಂಡೆ. ಗಾಜಿನ ಕಿಟಕಿಯೊಳಗೆ ಬ್ಯಾಟರಿಯ ಬೆಳಕಿನ ಒಂದು ಚುಕ್ಕಿ. ಅದು ಅನಂತ ದೂರದಲ್ಲಿರುವಂತೆ ಕಾಣುವುದರಿಂದ ಮುದಿಗಣ್ಣಿಗೂ ಸ್ಪಷ್ಟ. ಕೆನ್ನೆ ಸ್ವಲ್ಪ ಆಚೀಚೆಯಾದರೂ ಚುಕ್ಕಿ ಗುರಿಯಿಂದ ಹೆಚ್ಚು ಕದಲುವುದಿಲ್ಲ. ಯಂತ್ರವಾಗಿ ಅದನ್ನು ದೂರಲು ನನಗೆ ಬಾಯಿಲ್ಲ. 2022ರ ನವೆಂಬರಿನ ಒಂದು ರಾತ್ರಿ, ಎರಡು ಗಂಟೆಯ ಸುಮಾರಿಗೆ, ಅಟ್ಟಣೆಯ ಕೆಳಗೆ ಜೋಳದ ದಂಟು ಮುರಿದ ಸದ್ದಾಯಿತು. ನಾನು ಹೋಗಿದ್ದದ್ದು ಆಕಾಶಕ್ಕೆ ಹಾರಿಸಿ ಹಂದಿಯನ್ನು ಬೆದರಿಸಲು ಮಾತ್ರ. ಆದರೂ ಚುಕ್ಕಿ ಬೆಳಗಿದೊಡನೆ ಕೋವಿ ತಾನೇ ತಾನಾಗಿ ಆ ಕಪ್ಪು ಆಕೃತಿಯತ್ತ ತಿರುಗಿತು. ಚುಕ್ಕಿ ಅದರ ನಡುವಿನಲ್ಲಿ ಕದಲದೆ ನಿಂತಿತು. ಅಷ್ಟು ನಿಶ್ಚಿತವಾದ ಗುರಿ ನನ್ನ ಜೀವಮಾನದಲ್ಲಿ ಸಿಕ್ಕಿರಲಿಲ್ಲ. ಆಗ ಆ ಆಕೃತಿ ಕೆಮ್ಮಿತು. ಮೂರು ಫೇಸಿನ ವಿದ್ಯುತ್ತು ಆ ವಾರ ನಡುರಾತ್ರಿ ಬರುತ್ತಿತ್ತು. ಪಕ್ಕದ ಹೊಲದವರ ಮಗ, ನನ್ನಲ್ಲಿ ಹಳಗನ್ನಡ ವ್ಯಾಕರಣ ಹೇಳಿಸಿಕೊಂಡ ಹುಡುಗ, ಪಂಪು ಹಾಕಲು ಟಾರ್ಚಿಲ್ಲದೆ ಅಡ್ಡದಾರಿಯಲ್ಲಿ ಬರುತ್ತಿದ್ದ.

ಆ ರಾತ್ರಿ ಉಳಿದ ಹೊತ್ತೆಲ್ಲ ನನಗೆ ಧರ್ಮರಾಯನ ನೆನಪು. ದ್ರೋಣರ ಪ್ರಶ್ನೆಗೆ ಅವನು ಮರವೂ ಕಾಣುತ್ತಿದೆ, ತಾವೂ ಕಾಣುತ್ತಿದ್ದೀರಿ, ತಮ್ಮಂದಿರೂ ಕಾಣುತ್ತಿದ್ದಾರೆ ಎಂದು ಹೇಳಿ ಪರೀಕ್ಷೆಯಲ್ಲಿ ತಪ್ಪಿಹೋದವನು. ಹೊಲದ ಕಾವಲಿಗೆ ನಾನಾಗಿದ್ದರೆ ಅವನನ್ನೇ ಆರಿಸುತ್ತಿದ್ದೆ. ಕೆಂಪು ಚುಕ್ಕಿಯಾಗಲಿ ದೂರದರ್ಶಕದ ಗಾಜಾಗಲಿ ಕೋವಿ ಎತ್ತ ನೋಡುತ್ತಿದೆಯೆಂದು ಹೇಳುತ್ತದೆ. ಎದುರಿಗಿರುವುದು ಏನೆಂದು ಹೇಳಲಾರದು. ಅದಕ್ಕೆ ಬೇಕಾದದ್ದು ಕೋವಿಗೆ ಕಟ್ಟದೆ ಕೈಯಲ್ಲಿ ಹಿಡಿದ ಒಂದು ಟಾರ್ಚು, ಮತ್ತು 'ಯಾರದು?' ಎಂದು ಕೂಗುವ ಗಂಟಲು. ಕಾನೂನಿನ ಮಾತೂ ಇದೆ. ಆನೆಯ ತಂಟೆಗೆ ಹೋಗುವುದು ಘೋರ ಅಪರಾಧವೆಂದು ಎಲ್ಲರಿಗೂ ಗೊತ್ತು, ಆದರೆ ಹಂದಿಯೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಆಸರೆಯಲ್ಲಿರುವ ಪ್ರಾಣಿಯೇ ಎಂಬುದನ್ನು ನಮ್ಮವರು ಮರೆಯುತ್ತಾರೆ. ಬೆಳೆ ತಿಂದಿತೆಂದರೂ ಅಧಿಕಾರಿಯ ಲಿಖಿತ ಅನುಮತಿಯಿಲ್ಲದೆ ಅದನ್ನು ಕೊಲ್ಲುವಂತಿಲ್ಲ. ಬೆದರಿಸುವ ಸದ್ದಿಗೆ ಮಣಿಯೇ ಬೇಡ.

ಕೆಂಪು ಚುಕ್ಕಿಯನ್ನು ಮರುದಿನವೇ ಬಿಚ್ಚಿಸಿದೆ. ಈಗ ಇರುವುದು ಮೂರು ಮಿಲಿಮೀಟರಿನ ಬಿಳಿಯ ಮಣಿ, ಹಿಡಿಗೆ ಚರ್ಮದ ಪಟ್ಟಿ, ಕನ್ನಡಕದ ಮೇಲೆ ಮಬ್ಬು ಕಾಗದದ ಚೂರು. 2024ರ ಲೋಕಸಭಾ ಚುನಾವಣೆಗೆ ಎಲ್ಲರಂತೆ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಾಗಿ ಬಂದಾಗ, ಸಾಲಾಗಿ ಒರಗಿಸಿಟ್ಟ ಕೋವಿಗಳ ನಡುವೆ ಮಣಿ ತಾಗಿ ಮುರಿದೀತೆಂದು ಅದನ್ನು ತಿರುಪಿ ತೆಗೆದು ಬೆಂಕಿಪೊಟ್ಟಣದಲ್ಲಿಟ್ಟು ಮೇಜಿನ ಮೇಲೆ ಬಿಟ್ಟುಹೋದೆ. ಕೋವಿ ಮರಳಿ ಬಂದ ದಿನ ಪೊಟ್ಟಣ ಅಲ್ಲಿರಲಿಲ್ಲ. ವಿಚಾರಿಸಲಾಗಿ, ಅದು ದೇವರ ಮನೆಯ ದೀಪದ ಬಳಿ ಸೇರಿತ್ತು. ಮಣಿ ಮಾತ್ರ ಕಡ್ಡಿಗಳ ನಡುವೆ ಭದ್ರವಾಗಿತ್ತು.